ಇನ್ನೊಮ್ಮೆ ಸಾಕಲಾರೆ: ಪ್ರಾಣಿಯನ್ನು ಮನೆಗೆ ತರುವ ಮುನ್ನ ಹಾಕಬೇಕಾದ ಲೆಕ್ಕ

ಬೇಲಿಯ ಮೇಲೆ ಹೋಗುತ್ತಿದ್ದ ಓತಿಕ್ಯಾತವನ್ನು ಚಡ್ಡಿಯೊಳಗೆ ಬಿಟ್ಟುಕೊಂಡರು ಎಂಬ ಗಾದೆಯನ್ನು ಹಿರಿಯರು ಯಾರನ್ನು ನೋಡಿ ಕಟ್ಟಿದರೋ ತಿಳಿಯದು. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಮೈಸೂರಿನ ನಮ್ಮ ಮನೆಗೆ ಬಂದ ಪ್ರಾಣಿಪಕ್ಷಿಗಳ ಪಟ್ಟಿಯನ್ನು ಬಲ್ಲ ನೆಂಟರೆಲ್ಲರೂ ಅದು ನನಗಾಗಿಯೇ ಹುಟ್ಟಿದ ಗಾದೆ ಎಂದು ನಂಬಿದ್ದಾರೆ. ಒಂದು ಆಮೆ, ಎರಡು ಮೊಲ (ಅವು ಹದಿಮೂರಾದ ಕಥೆ ಮುಂದಿದೆ), ಗುಲಾಬಿ ಬಣ್ಣದ ಒಂದು ಕೋಳಿಮರಿ, ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಒಂದು ಪ್ರಾಣಿ, ಒಂದು ಜೊತೆ ಲವ್ ಬರ್ಡ್ಸ್ ಮತ್ತು ಒಂದು ಹೆಬ್ಬಾತು, ಇವಿಷ್ಟು ನಮ್ಮ ಬಳಗ. ಇವುಗಳಲ್ಲಿ ಯಾವುದರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಇವುಗಳಲ್ಲಿ ಒಂದನ್ನೂ ನಾನು ಮತ್ತೆ ಸಾಕುವುದಿಲ್ಲ.

ಹೀಗಾಗಲು ಕಾರಣ ಸರಳವಾಗಿದೆ. ಅಂಗಡಿಯಲ್ಲಿ ನಾವು ನೋಡುವುದು ಆ ಪ್ರಾಣಿಯ ಬದುಕಿನ ಒಂದು ಮಧ್ಯಾಹ್ನವನ್ನು ಮಾತ್ರ. ಅದು ರಾತ್ರಿ ಏನು ಮಾಡುತ್ತದೆ, ಎಷ್ಟು ದೊಡ್ಡದಾಗುತ್ತದೆ, ಎಷ್ಟು ಮರಿ ಹಾಕುತ್ತದೆ, ಯಾವ ವರ್ಷ ಮುದಿಯಾಗುತ್ತದೆ ಎಂಬುದು ಆ ಮಧ್ಯಾಹ್ನ ಕಾಣಿಸುವುದಿಲ್ಲ, ಕಾಣಿಸುವಂತೆ ಮಾಡುವ ಆಸಕ್ತಿ ಅಂಗಡಿಯವನಿಗೂ ಇರುವುದಿಲ್ಲ. ಕೆಳಗಿನ ಹೆಜ್ಜೆಗಳನ್ನು ದುಡ್ಡು ಕೊಡುವುದಕ್ಕೆ ಮೊದಲು, ಸಾಧ್ಯವಾದರೆ ಮಕ್ಕಳನ್ನು ಅಂಗಡಿಯ ಹತ್ತಿರ ಕರೆದೊಯ್ಯುವುದಕ್ಕೂ ಮೊದಲು, ಮನೆಯಲ್ಲಿಯೇ ಕುಳಿತು ಪೂರೈಸಿಕೊಳ್ಳಬೇಕು. ಮಕ್ಕಳು ಮರಿಯನ್ನು ಒಮ್ಮೆ ಕೈಗೆತ್ತಿಕೊಂಡು ಹೆಸರಿಟ್ಟರೆಂದರೆ ಯಾವ ಮಾರ್ಗದರ್ಶಿಯೂ ಕೆಲಸಕ್ಕೆ ಬರುವುದಿಲ್ಲ.

ಮೊದಲ ಹೆಜ್ಜೆ: ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ

ತರಬೇಕೆಂದಿರುವ ಪ್ರಾಣಿ ಪೂರ್ತಿ ಬೆಳೆದಾಗ ಅದಕ್ಕೆ ಬೇಕಾಗುವ ಜಾಗವೆಷ್ಟು ಎಂದು ಪಶುವೈದ್ಯರನ್ನೋ ಈಗಾಗಲೇ ಸಾಕಿರುವವರನ್ನೋ ಕೇಳಿ, ಆ ಅಳತೆಯ ಚೌಕವನ್ನು ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದು, ಒಂದು ವಾರ ಅದರೊಳಗೆ ಯಾರೂ ಕಾಲಿಡದೆ ಬದುಕಿ ನೋಡಿ. ಮೂರನೆಯ ದಿನಕ್ಕೆ ಯಾರಾದರೂ ಗೆರೆಯನ್ನು ತುಳಿದು ಹೋದರೆ ಆ ಪ್ರಾಣಿ ನಿಮ್ಮ ಮನೆಗೆ ಹೊಂದುವುದಿಲ್ಲ.

ಈ ಉಪಾಯ ನನಗೆ ಹೊಳೆದದ್ದು ಆಮೆಯನ್ನು ತಂದು ನಾಲ್ಕು ವರ್ಷಗಳಾದ ಮೇಲೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ, ರೆಡ್ ಇಯರ್ಡ್ ಸ್ಲೈಡರ್ ಎಂದು ಕರೆಯುವ ಆ ಹಸಿರು ಮರಿಯನ್ನು ಕೊಂಡಾಗ ಅದು ಒಂದು ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿತ್ತು. ಗಾಜಿನ ಬಟ್ಟಲಿನಲ್ಲಿ ಎರಡು ಲೋಟ ನೀರು, ನಾಲ್ಕು ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ತೆಂಗಿನಮರ ಸಾಕು ಎಂದು ಅಂಗಡಿಯವನು ಹೇಳಿದ. ‘ಉತ್ತರ ದಿಕ್ಕಿನಲ್ಲಿ ಇಡಿ ಸಾರ್, ಲಕ್ಷ್ಮಿ ತಾನಾಗಿ ಬರುತ್ತಾಳೆ’ ಎಂದೂ ಸೇರಿಸಿದ. ಆಮೆಯನ್ನು ಉತ್ತರ ದಿಕ್ಕಿನಲ್ಲಿಯೇ ಇಟ್ಟೆವು. ಲಕ್ಷ್ಮಿ ಮಾತ್ರ ಅದರ ತಿಂಡಿ, ಫಿಲ್ಟರು, ಅಪರಾಹ್ನವೆಲ್ಲ ಉರಿಯುವ ಶಾಖದ ದೀಪ ಮತ್ತು ವಿದ್ಯುತ್ತಿನ ಬಿಲ್ಲಿನ ರೂಪದಲ್ಲಿ ಅದೇ ದಿಕ್ಕಿನಿಂದ ಹೊರಗೆ ನಡೆದಳು.

ಈ ಜಾತಿಯ ಹೆಣ್ಣಾಮೆಯ ಚಿಪ್ಪು 25ರಿಂದ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಚಿಪ್ಪಿನ ಪ್ರತಿ ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಬೇಕು ಎಂಬುದು ಆಮೆ ಸಾಕುವವರು ಸಾಮಾನ್ಯವಾಗಿ ಹಾಕುವ ಲೆಕ್ಕ. ಹತ್ತು ಅಂಗುಲದ ಆಮೆಗೆ 400 ಲೀಟರ್ ಎಂದಾಯಿತು; ಅಂದರೆ ಮನೆಯ ಮಾಳಿಗೆಯ ಮೇಲಿರುವ ನೀರಿನ ಟ್ಯಾಂಕನ್ನು ಇಳಿಸಿ ನಡುಮನೆಯಲ್ಲಿ ಇಟ್ಟುಕೊಂಡಂತೆ. ನೀರಿನ ಜೊತೆಗೆ ಅದು ಹತ್ತಿ ಮೈ ಒಣಗಿಸಿಕೊಳ್ಳಲು ಒಂದು ದಿಬ್ಬ, ಚಿಪ್ಪು ಗಟ್ಟಿಯಾಗಲು ನೇರ ಬಿಸಿಲು ಅಥವಾ ಅತಿನೇರಳೆ ಕಿರಣದ ದೀಪ, ಎರಡು ದಿನ ಮರೆತರೆ ಮನೆಯನ್ನೆಲ್ಲ ಕೆರೆಯ ಕೋಡಿಯಂತೆ ನಾರಿಸದಿರಲು ಒಳ್ಳೆಯ ಫಿಲ್ಟರು ಬೇಕು. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು, ಆಮೆಯನ್ನು ಮುಟ್ಟಿದ ಮಕ್ಕಳು ಸೋಪು ಹಾಕಿ ಕೈ ತೊಳೆಯದೆ ತುತ್ತು ಎತ್ತಬಾರದು, ಏಕೆಂದರೆ ನೋಡಲು ಆರೋಗ್ಯವಾಗಿರುವ ಆಮೆಯೂ ಸಾಲ್ಮೊನೆಲ್ಲಾ ಎಂಬ ಭೇದಿಯ ರೋಗಾಣುವನ್ನು ಹೊತ್ತಿರಬಲ್ಲುದು. ಅಮೆರಿಕದಲ್ಲಿ ಮಕ್ಕಳಿಗೆ ಈ ಸೋಂಕು ತಗಲುತ್ತಿದೆಯೆಂದು 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲಿಯೇ ನಿಷೇಧಿಸಿದರು; ಮಿಸಿಸಿಪ್ಪಿ ನದಿಯ ಆ ತವರಿನಲ್ಲಿ ಮಾರಲಾಗದ ಅಳತೆಯ ಮರಿ ನಮ್ಮ ಊರಿನ ಬೀದಿಯಲ್ಲಿ ಬಟ್ಟಲಿನ ಸಮೇತ ಸಿಗುತ್ತದೆ.

ಗಾಜು ಶುಚಿ ಮಾಡುತ್ತದೆಂದು ಮೀನಿನ ತೊಟ್ಟಿಗೆ ಬಿಡುವ ಎರಡಂಗುಲದ ಸಕ್ಕರ್ ಮೀನಿನ ಕಥೆಯೂ ಇದೇ. ದಕ್ಷಿಣ ಅಮೆರಿಕದ ಆ ಮೀನು ಒಂದಡಿಯನ್ನು ಮೀರಿ ಬೆಳೆಯುತ್ತದೆ, ಪಾಚಿಯನ್ನು ತಿಂದಷ್ಟೇ ಹಿಕ್ಕೆಯನ್ನೂ ಹಾಕುತ್ತದೆ, ಕೊನೆಗೆ ಶುಚಿ ಮಾಡಲು ಬಂದವನ ಹಿಂದೆ ಶುಚಿ ಮಾಡುವ ಕೆಲಸ ಮನೆಯವರದ್ದಾಗುತ್ತದೆ.

ಎರಡನೆಯ ಹೆಜ್ಜೆ: ನಿಮ್ಮ ವಯಸ್ಸಿಗೆ ಅದರ ಆಯುಸ್ಸನ್ನು ಕೂಡಿಸಿ

ಒಂದು ಕಾಗದದ ಮೇಲೆ ನಿಮ್ಮ ಈಗಿನ ವಯಸ್ಸನ್ನು ಬರೆದು ಅದರ ಕೆಳಗೆ ಪ್ರಾಣಿಯ ಆಯುಸ್ಸನ್ನು ಬರೆದು ಕೂಡಿಸಿ. ಹ್ಯಾಮ್‌ಸ್ಟರ್ ಆದರೆ ಎರಡು ಮೂರು ವರ್ಷ, ಮೊಲವಾದರೆ ಎಂಟು ಹತ್ತು, ಚೆನ್ನಾಗಿ ನೋಡಿಕೊಂಡ ಗೋಲ್ಡ್‌ಫಿಶ್ ಆದರೆ ಹತ್ತಕ್ಕೂ ಮೇಲು, ಹೆಬ್ಬಾತಾದರೆ ಇಪ್ಪತ್ತು, ಕೆಂಪುಕಿವಿಯ ಆಮೆಯಾದರೆ ಮೂವತ್ತರ ಆಚೆಗೂ ಹೋಗಬಹುದು. ನಾನು ನಲವತ್ತೊಂದನೆಯ ವಯಸ್ಸಿನಲ್ಲಿ ಆಮೆಯನ್ನು ತಂದವನು. ಈ ಕೂಡುವ ಲೆಕ್ಕವನ್ನು ಮೊದಲೇ ಹಾಕಿದ್ದರೆ ಅದಕ್ಕೆ ವಾರಸುದಾರರನ್ನು ನೇಮಿಸಬೇಕಾಗುತ್ತದೆಂದು ತಿಳಿಯುತ್ತಿತ್ತು. ಈಗ ಮಗಳ ಮದುವೆಯ ಮಾತುಕತೆ ನಡೆಯುವಾಗ ‘ಹುಡುಗಿಯ ಜೊತೆ ಏನು ಕೊಡುತ್ತೀರಿ’ ಎಂದು ಯಾರಾದರೂ ಕೇಳುವ ಧೈರ್ಯ ಮಾಡಿದರೆ ನನ್ನ ಬಳಿ ಉತ್ತರ ಸಿದ್ಧವಾಗಿದೆ.

ಮಕ್ಕಳಿಗಾಗಿ ತರುವವರು ಮಗುವಿನ ವಯಸ್ಸಿಗೂ ಇದೇ ಲೆಕ್ಕ ಹಾಕಬೇಕು. ಆರನೆಯ ತರಗತಿಯ ಮಗು ಕೇಳಿದ ಮೊಲವನ್ನು ಅದೇ ಮಗು ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿಗಳನ್ನು ದಾಟುವ ತನಕ ನೋಡಿಕೊಳ್ಳಬೇಕು. ಅಂದರೆ ಅಮ್ಮ ನೋಡಿಕೊಳ್ಳುತ್ತಾಳೆ.

ಮೂರನೆಯ ಹೆಜ್ಜೆ: ಅದು ಗಂಡೋ ಹೆಣ್ಣೋ ಎಂದು ಅಂಗಡಿಯವನನ್ನು ಕೇಳಬೇಡಿ

‘ಒಂಟಿ ಮೊಲ ಬೇಸರದಿಂದ ಸತ್ತುಹೋಗುತ್ತದೆ, ಜೊತೆ ತೆಗೆದುಕೊಳ್ಳಿ, ಎರಡೂ ಹೆಣ್ಣು’ ಎಂಬ ಮಾತನ್ನು ನಂಬಿ ನಾವು ಎರಡು ಬಿಳಿಯ ಮರಿಗಳನ್ನು ಮನೆಗೆ ತಂದೆವು. ಮೊಲಕ್ಕೆ ಜೊತೆ ಬೇಕೆಂಬ ಮಾತಿನಲ್ಲಿ ಸತ್ಯವಿದೆ, ಎರಡೂ ಹೆಣ್ಣು ಎಂಬ ಮಾತಿನಲ್ಲಿ ಇರಲಿಲ್ಲ. ಎಳೆಯ ಮೊಲಗಳಲ್ಲಿ ಗಂಡುಹೆಣ್ಣನ್ನು ಗುರುತಿಸುವುದು ಪಳಗಿದ ಕೈಗೂ ಕಷ್ಟ. ನಾಲ್ಕೈದು ತಿಂಗಳಿಗೆ ಅವು ಬೆಳೆದು ತಾವೇ ಗುರುತಿಸಿಕೊಳ್ಳುತ್ತವೆ. ಹೆಣ್ಣು ಮೊಲದ ಗರ್ಭಧಾರಣೆಯ ಅವಧಿ 30ರಿಂದ 31 ದಿನ. ಒಂದು ಬೆಳಿಗ್ಗೆ ‘ಜಾನಕಿ’ ತನ್ನ ಹೊಟ್ಟೆಯ ತುಪ್ಪಳವನ್ನು ಬಾಯಿಂದ ಕಿತ್ತು ಗೂಡಿನ ಮೂಲೆಯಲ್ಲಿ ರಾಶಿ ಹಾಕುತ್ತಿದ್ದುದನ್ನು ಕಂಡು ಚರ್ಮರೋಗವಿರಬೇಕೆಂದು ನಾವು ಬೇವಿನೆಣ್ಣೆ ಹುಡುಕುತ್ತಿರುವಾಗಲೇ ಆ ತುಪ್ಪಳದೊಳಗೆ ಆರು ಮರಿಗಳು ಮಿಸುಕಾಡತೊಡಗಿದವು. ಆಗ ನಾವು ‘ಮೈಥಿಲಿ’ಯನ್ನು ಹೊಸ ದೃಷ್ಟಿಯಿಂದ ನೋಡಿ ಅವನಿಗೆ ಬೇರೆ ಹೆಸರಿಟ್ಟೆವು.

ಇಲ್ಲಿ ನಾವು ಮಾಡಿದ ಎರಡು ತಪ್ಪುಗಳನ್ನು ಓದುಗರು ಗಮನಿಸಬೇಕು. ಮೊಲದ ಮರಿಗಳು ಕಣ್ಣು ತೆರೆಯದೆ, ಮೈಯಲ್ಲಿ ಕೂದಲಿಲ್ಲದೆ ಹುಟ್ಟುತ್ತವೆ, ಹತ್ತು ದಿನದ ಸುಮಾರಿಗೆ ಕಣ್ಣು ಬಿಡುತ್ತವೆ; ತಾಯಿ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲೂಡಿಸಿ ಉಳಿದ ಹೊತ್ತೆಲ್ಲ ದೂರವಿರುತ್ತದೆ. ಬೇಟೆಯಾಡುವ ಪ್ರಾಣಿಗಳ ಕಣ್ಣು ಗೂಡಿನ ಮೇಲೆ ಬೀಳದಿರಲೆಂದು ಅದು ಹಾಗೆ ಮಾಡುತ್ತದೆಯೇ ಹೊರತು ಮರಿಗಳನ್ನು ತೊರೆದುದರಿಂದಲ್ಲ. ಇದು ತಿಳಿಯದ ನಮ್ಮ ಅತ್ತೆಯವರು ‘ಎಂಥ ನಿರ್ದಯಿ ತಾಯಿ’ ಎಂದು ಬೈಯುತ್ತ ಇಂಕಿನ ಡ್ರಾಪರಿನಲ್ಲಿ ಹಸುವಿನ ಹಾಲು ಕುಡಿಸಲು ಹೊರಟಿದ್ದರು. ಅದೃಷ್ಟಕ್ಕೆ ಪಶುವೈದ್ಯರು ಫೋನಿನಲ್ಲಿಯೇ ತಡೆದರು. ಮರಿಗಳ ಹೊಟ್ಟೆ ಗುಂಡಗಿದ್ದರೆ ತಾಯಿ ಊಡಿಸಿದೆ ಎಂದೇ ಅರ್ಥ, ಮುಟ್ಟದೆ ಬಿಡಿ ಎಂದರು. ಎರಡನೆಯ ತಪ್ಪು ಇನ್ನೂ ದುಬಾರಿಯದು. ಹೆತ್ತ ಕೆಲವೇ ಗಂಟೆಗಳಲ್ಲಿ ಹೆಣ್ಣು ಮೊಲ ಮತ್ತೆ ಗರ್ಭ ಧರಿಸಬಲ್ಲುದು ಎಂಬುದು ನಮಗೆ ಗೊತ್ತಿರಲಿಲ್ಲ. ಗಂಡನ್ನು ಬೇರೆ ಮಾಡಲು ಹೊಸ ಗೂಡು ತರಬೇಕು, ಭಾನುವಾರ ಹೋಗೋಣ ಎಂದು ಮುಂದೂಡಿದೆವು. ಆ ಭಾನುವಾರದ ಫಲವಾಗಿ ಸರಿಯಾಗಿ ಒಂದು ತಿಂಗಳಿಗೆ ಇನ್ನೂ ಐದು ಮರಿಗಳು ಬಂದು ಒಟ್ಟು ಹದಿಮೂರಾದವು, ಸೀತೆಯ ಹೆಸರುಗಳು ಮುಗಿದು ನಾವು ಗೋತ್ರಪ್ರವರ್ತಕ ಋಷಿಗಳ ಹೆಸರುಗಳಿಗೆ ಇಳಿದೆವು.

ಆದ್ದರಿಂದ ಮಾಡಬೇಕಾದುದು ಇಷ್ಟು. ಮೊಲವನ್ನು ತರುವ ಮುನ್ನವೇ ಊರಿನಲ್ಲಿ ಮೊಲಗಳಿಗೆ ಚಿಕಿತ್ಸೆ ಮಾಡಿ ಅಭ್ಯಾಸವಿರುವ ಪಶುವೈದ್ಯರು ಯಾರಿದ್ದಾರೆಂದು ಹುಡುಕಿಟ್ಟುಕೊಳ್ಳಿ, ಏಕೆಂದರೆ ಹಸುಎಮ್ಮೆಗಳನ್ನು ನೋಡುವ ಎಲ್ಲರೂ ಮೊಲವನ್ನು ನೋಡುವುದಿಲ್ಲ. ಮರಿಗಳನ್ನು ತಂದ ವಾರದಲ್ಲಿ ಒಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ ಅವರಿಗೆ ತೋರಿಸಿ ಗಂಡುಹೆಣ್ಣನ್ನು ಖಚಿತಪಡಿಸಿಕೊಳ್ಳಿ. ಜೊತೆಯಾಗಿಯೇ ಇಡುವುದಾದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಖರ್ಚನ್ನು ಮೊಲದ ಬೆಲೆಯ ಜೊತೆಗೇ ಕೂಡಿಸಿ. ಅದರ ಮುಖ್ಯ ಆಹಾರ ಹುಲ್ಲು, ಅದರಲ್ಲಿಯೂ ಒಣಹುಲ್ಲು; ಚಿತ್ರಪಟಗಳಲ್ಲಿ ಕಾಣುವ ಕ್ಯಾರೆಟ್ ಅದಕ್ಕೆ ನಮ್ಮ ಮೈಸೂರುಪಾಕಿನಂತೆ, ಆಗೊಮ್ಮೆ ಈಗೊಮ್ಮೆ ಸಣ್ಣ ತುಂಡು. ಅದರ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಹುಲ್ಲು ಕಡಿಮೆಯಾದರೆ ಅದು ಬೇರೆ ವಸ್ತುಗಳನ್ನು ಹುಡುಕುತ್ತದೆ. ನಮ್ಮ ಮನೆಯಲ್ಲಿ ಎರಡು ಮೊಬೈಲ್ ಚಾರ್ಜರು, ಇಂಟರ್ನೆಟ್ಟಿನ ವೈರು, ನನ್ನ ಜರತಾರಿ ಪಂಚೆಯ ಅಂಚು ಮತ್ತು ಪಂಚಾಂಗದ ಆಷಾಢ ಮಾಸ ಹೋಗಿವೆ. ಆಷಾಢ ಹೋದುದಕ್ಕೆ ಹೊಸದಾಗಿ ಮದುವೆಯಾಗಿದ್ದ ನನ್ನ ತಮ್ಮ ಸಂತೋಷಪಟ್ಟ.

ಲವ್ ಬರ್ಡ್ಸ್ ಸಾಕುವವರಿಗೆ ಇದೇ ಪಾಠ ಇನ್ನೂ ಅಗ್ಗವಾಗಿ ಸಿಗುತ್ತದೆ. ನಮ್ಮಲ್ಲಿ ಆ ಹೆಸರಿನಿಂದ ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜರಿಗಾರ್ ಎಂಬ ಗಿಳಿಗಳನ್ನು. ನಿಜವಾದ ಲವ್ ಬರ್ಡ್ ಆಫ್ರಿಕಾದ ಬೇರೆ ಪಕ್ಷಿ. ಬೆಳೆದ ಗಂಡಿನ ಕೊಕ್ಕಿನ ಮೇಲ್ಭಾಗ ಸಾಮಾನ್ಯವಾಗಿ ನೀಲಿ, ಹೆಣ್ಣಿನದು ಕಂದು. ಪಂಜರದೊಳಗೆ ಅಂಗಡಿಯವರು ತೂಗುಹಾಕಿ ಕೊಡುವ ಪುಟ್ಟ ಮಣ್ಣಿನ ಮಡಕೆಯನ್ನು ಮಲಗುವ ಕೋಣೆಯೆಂದು ನಾವು ಭಾವಿಸಿದ್ದೆವು, ಅದು ಹೆರಿಗೆ ಆಸ್ಪತ್ರೆಯೆಂದು ಹದಿನೆಂಟು ದಿನ ಕಾವು ಮುಗಿದ ಮೇಲೆ ತಿಳಿಯಿತು. ಮರಿಗಳು ಬೇಡವೆನಿಸಿದರೆ ಮಡಕೆಯನ್ನು ತೆಗೆದುಬಿಡಿ. ಗೂಡಿಗೆ ಕತ್ತಲೆಯ ಜಾಗ ಸಿಗದಿದ್ದರೆ ಬಹುಮಟ್ಟಿಗೆ ಸಂಸಾರ ನಿಲ್ಲುತ್ತದೆ. ಒಂದು ಕಿಲೋ ನವಣೆ ತಂದರೆ ಅರ್ಧ ಕಿಲೋ ಸಿಪ್ಪೆ ಫ್ಯಾನಿನ ಗಾಳಿಗೆ ಮನೆಯೆಲ್ಲ ಹರಡುವುದನ್ನು ನಿಲ್ಲಿಸುವ ಉಪಾಯ ಮಾತ್ರ ನನಗೆ ಈವರೆಗೂ ಸಿಕ್ಕಿಲ್ಲ.

ನಾಲ್ಕನೆಯ ಹೆಜ್ಜೆ: ಅದರ ರಾತ್ರಿಯನ್ನು ಕೇಳಿಸಿಕೊಳ್ಳಿ

ಸಾಕಿರುವವರ ಮನೆಗೆ ಹಗಲು ಹೋಗಿ ಬರುವುದು ವ್ಯರ್ಥ. ರಾತ್ರಿ ಹನ್ನೊಂದು ಗಂಟೆಗೆ ಒಮ್ಮೆ, ನಸುಕಿನ ನಾಲ್ಕು ಗಂಟೆಗೆ ಒಮ್ಮೆ ಅವರಿಗೆ ಫೋನ್ ಮಾಡಿ, ಪಂಜರದ ಪಕ್ಕದಲ್ಲಿ ಫೋನನ್ನು ಇಡಲು ವಿನಂತಿಸಿ. ಅವರು ಸಿಟ್ಟಾಗದೆ ಮೊದಲ ಕರೆಗೇ ಉತ್ತರಿಸಿದರೆ ಅವರು ಎಚ್ಚರವಾಗಿದ್ದರೆಂದೇ ಅರ್ಥ, ಅಲ್ಲಿಗೆ ನಿಮಗೆ ಬೇಕಾದ ಮಾಹಿತಿ ದೊರೆತಂತಾಯಿತು.

ಹ್ಯಾಮ್‌ಸ್ಟರ್ ನಿಶಾಚರಿ. ಸಾಕುಪ್ರಾಣಿಯಾಗಿ ಲೋಕದಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಬಹುತೇಕ 1930ರಲ್ಲಿ ಅಲೆಪ್ಪೊ ನಗರದ ಬಳಿ ಬಿಲದಿಂದ ಅಗೆದು ತೆಗೆದ ಒಂದೇ ಸಂಸಾರದ ಸಂತತಿ. ಆ ಪೂರ್ವಜರು ತಮ್ಮ ಬಯಲಿನಲ್ಲಿ ಓಡಿದಷ್ಟು ದೂರವನ್ನು ನಮ್ಮದು ಪ್ರತಿರಾತ್ರಿ ತನ್ನ ಚಕ್ರದ ಮೇಲೆ ಓಡಿಯೇ ತೀರುತ್ತಿತ್ತು. ಆ ಸದ್ದು ನಮ್ಮಜ್ಜಿ ನಸುಕಿನಲ್ಲಿ ರಾಗಿ ಬೀಸುತ್ತಿದ್ದ ಕಲ್ಲಿನ ಸದ್ದನ್ನು ಹೋಲುತ್ತಿತ್ತಾದರೂ ಅಜ್ಜಿ ಬೀಸಿದರೆ ಬೆಳಿಗ್ಗೆಗೆ ಹಿಟ್ಟಾದರೂ ಇರುತ್ತಿತ್ತು. ಇದನ್ನು ಸಾಕಲೇಬೇಕೆನ್ನುವವರು ಸದ್ದು ಮಾಡದ ಅಗಲವಾದ ಚಕ್ರವನ್ನು ಆರಿಸಿ, ಮಲಗುವ ಕೋಣೆಯಿಂದ ಎರಡು ಬಾಗಿಲು ಆಚೆ ಇಟ್ಟು, ಸಿರಿಯನ್ ಜಾತಿಯದಾದರೆ ಒಂದು ಪಂಜರಕ್ಕೆ ಒಂದನ್ನೇ ಬಿಡಬೇಕು. ಬೆಳೆದ ಎರಡು ಒಂದೆಡೆ ಇದ್ದರೆ ಕಚ್ಚಾಡಿ ಸಾಯುತ್ತವೆ.

ಇನ್ನು ಜಾತ್ರೆಯ ಬಣ್ಣದ ಕೋಳಿಮರಿ. ಮೊಟ್ಟೆಗಾಗಿ ಸಾಕುವ ತಳಿಗಳಲ್ಲಿ ಗಂಡುಮರಿಗಳು ಲೆಕ್ಕಕ್ಕೆ ಬಾರದವು. ಆ ಒಂದು ದಿನದ ಮರಿಗಳಿಗೆ ಬಣ್ಣ ಹಾಕಿ ಬುಟ್ಟಿಯಲ್ಲಿ ಹೊತ್ತು ಮಾರುತ್ತಾರೆ. ಮೊದಲ ವಾರ ಮರಿಗೆ 33ರಿಂದ 35 ಡಿಗ್ರಿಯ ಬೆಚ್ಚನೆ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ರಟ್ಟಿನ ಪೆಟ್ಟಿಗೆಯ ಒಂದು ತುದಿಯಲ್ಲಿ ಹಳೆಯ ಕಾಲದ 60 ವ್ಯಾಟಿನ ಬಲ್ಬನ್ನು ತೂಗುಹಾಕಿ, ಇನ್ನೊಂದು ತುದಿಯನ್ನು ತಂಪಾಗಿ ಬಿಟ್ಟರೆ ಮರಿ ತನಗೆ ಬೇಕಾದ ಕಡೆ ತಾನೇ ಸರಿದುಕೊಳ್ಳುತ್ತದೆ. ಈ ವ್ಯವಸ್ಥೆ ಇಲ್ಲದ ಮನೆಗಳಲ್ಲಿ ಅವು ನಾಲ್ಕೇ ದಿನಕ್ಕೆ ಸತ್ತು ಮಕ್ಕಳನ್ನು ಅಳಿಸುತ್ತವೆ. ವ್ಯವಸ್ಥೆಯನ್ನು ಅಚ್ಚುಕಟ್ಟಾಗಿ ಮಾಡಿದ ನಮ್ಮಂಥವರ ಮನೆಯಲ್ಲಿ ಅವು ಸಾಯುವುದಿಲ್ಲ. ಗುಲಾಬಿ ಬಣ್ಣ ಕೆಲವೇ ವಾರಗಳಲ್ಲಿ ಉದುರಿ ಬಿಳಿಯ ಪುಕ್ಕ ಬರುತ್ತದೆ, ತಲೆಯ ಮೇಲೆ ಜುಟ್ಟು ಕೆಂಪೇರುತ್ತದೆ, ಕುತ್ತಿಗೆ ನೀಳವಾಗುತ್ತದೆ, ನಾಲ್ಕೈದು ತಿಂಗಳಿಗೆ ಒಂದು ದಿನ ನಸುಕಿನ ನಾಲ್ಕಕ್ಕೆ ಅದು ತನ್ನ ನಿಜವಾದ ವೃತ್ತಿಯನ್ನು ನೆನಪಿಸಿಕೊಳ್ಳುತ್ತದೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದು ನಂಬಿದ ಅಜ್ಜಿಯ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ನಮ್ಮ ಬೀದಿಯವರಿಗೆ ಆ ಅಜ್ಜಿಯ ಮೇಲೆ ಈಗ ಹೆಚ್ಚಿನ ಗೌರವವಿದೆ, ಏಕೆಂದರೆ ಆಕೆ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರು ಬಿಟ್ಟುಹೋದಳು.

ನಾಯಿಯ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ, ಏಕೆಂದರೆ ಅದನ್ನು ನಾನು ಸಾಕಿಲ್ಲ, ಸಾಕಿದವರ ಜೊತೆ ಬದುಕಿದ್ದೇನೆ. ಬೀಗಲ್ ತಳಿಯನ್ನು ಇಂಗ್ಲೆಂಡಿನಲ್ಲಿ ಕಾಡುಮೊಲದ ಬೇಟೆಗಾಗಿ ರೂಪಿಸಿದರು. ದೂರದಲ್ಲಿರುವ ಬೇಟೆಗಾರನಿಗೆ ಕೇಳುವಂತೆ ಊಳಿಡುವುದು ಅದರ ದೋಷವಲ್ಲ, ಅರ್ಹತೆ. ಬೆಂಗಳೂರಿನ ಏಳನೆಯ ಮಹಡಿಯ ಫ್ಲಾಟಿನಲ್ಲಿ ಗಂಡಹೆಂಡಿರಿಬ್ಬರೂ ಆಫೀಸಿಗೆ ಹೋದ ಮೇಲೆ ಅದು ಅದೇ ಅರ್ಹತೆಯನ್ನು ಸಂಜೆಯವರೆಗೆ ಪ್ರದರ್ಶಿಸಿದರೆ ನಾಯಿಯನ್ನು ಬೈಯುವುದು ನ್ಯಾಯವಲ್ಲ. ಈಶಾನ್ಯ ಸೈಬೀರಿಯದ ಚುಕ್ಚಿ ಜನ ಹಿಮದಲ್ಲಿ ಜಾರುಬಂಡಿ ಎಳೆಯಲು ಬೆಳೆಸಿದ ಹಸ್ಕಿಯನ್ನು ಕಲಬುರಗಿಗೆ ಒಯ್ದ ಪರಿಚಿತರೊಬ್ಬರು ಏಪ್ರಿಲ್‌ನಲ್ಲಿ ನಾಯಿ ಮತ್ತು ಎ.ಸಿ. ಇರುವ ಒಂದೇ ಕೋಣೆಯಲ್ಲಿ ಕುಟುಂಬಸಮೇತ ವಾಸಿಸುತ್ತಾರೆ. ನೆಂಟರು ಬಂದರೆ ನಾಯಿಯ ಅನುಮತಿ ಬೇಕು.

ಐದನೆಯ ಹೆಜ್ಜೆ: ಮದುವೆಯ ಕರೆಯೋಲೆಯನ್ನು ಮುಂದಿಟ್ಟುಕೊಳ್ಳಿ

ಬೀಗರ ಊರಿನಲ್ಲಿ ಐದು ದಿನದ ಮದುವೆ, ಎಲ್ಲರೂ ಹೋಗಲೇಬೇಕು. ಆ ಐದು ದಿನ ಪ್ರಾಣಿಗೆ ನೀರು ಇಡುವವರ, ಹಿಕ್ಕೆ ಬಳಿಯುವವರ ಹೆಸರನ್ನು ಒಂದು ಚೀಟಿಯಲ್ಲಿ ಬರೆಯಿರಿ, ಬರೆದ ಮೇಲೆ ಆ ಚೀಟಿಯನ್ನು ಆ ವ್ಯಕ್ತಿಗೇ ತೋರಿಸಿ. ಅವರ ಮುಖವನ್ನು ನೋಡಿದ ಕೂಡಲೇ ಕೊಳ್ಳಬೇಕೋ ಬೇಡವೋ ನಿಮಗೆ ತಿಳಿಯುತ್ತದೆ.

ನಮ್ಮ ಹೆಬ್ಬಾತು ಈ ಪರೀಕ್ಷೆಯಲ್ಲಿ ಎಂದೂ ತೇರ್ಗಡೆಯಾಗಲಿಲ್ಲ. ಊರ ಹೊರಗೆ ಮನೆ ಕಟ್ಟಿಸಿದಾಗ ಕಾವಲಿಗೆ ನಾಯಿಗಿಂತ ಹೆಬ್ಬಾತು ಮೇಲು ಎಂದು ಬುದ್ಧಿವಂತರೊಬ್ಬರು ಸಲಹೆ ನೀಡಿದರು. ರೋಮ್ ನಗರದ ಕ್ಯಾಪಿಟೊಲ್ ಗುಡ್ಡದ ಮೇಲೆ ರಾತ್ರಿ ಹತ್ತುತ್ತಿದ್ದ ಶತ್ರುಗಳನ್ನು ಹೆಬ್ಬಾತುಗಳೇ ಕೂಗಿ ಹಿಡಿದುಕೊಟ್ಟವಂತೆ ಎಂಬ ಪುರಾತನ ಕಥೆಯನ್ನೂ ಒದಗಿಸಿದರು. ಕೂಗುವುದರಲ್ಲಿ ನಮ್ಮದು ರೋಮಿನ ಹೆಬ್ಬಾತಿಗೆ ಕಡಿಮೆ ಇರಲಿಲ್ಲ. ಹಾಲಿನವನು, ಪೇಪರಿನ ಹುಡುಗ, ಗ್ಯಾಸ್ ಸಿಲಿಂಡರು ತರುವವರು, ಮೀಟರು ಓದುವವರು, ಕೊನೆಗೆ ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರು, ಎಲ್ಲರನ್ನೂ ಅದು ಕುತ್ತಿಗೆ ಚಾಚಿ ಬುಸುಗುಡುತ್ತ ಗೇಟಿನವರೆಗೆ ಅಟ್ಟಿಕೊಂಡು ಹೋಯಿತು. ಪುರೋಹಿತರು ಕಥೆಯ ಐದು ಅಧ್ಯಾಯಗಳನ್ನೂ ಕಾಲು ಮೇಲೆತ್ತಿಕೊಂಡೇ ಓದಿದರು. ಸಿಲಿಂಡರನ್ನು ಬೀದಿಯ ತಿರುವಿನಿಂದ ನಾನೇ ಉರುಳಿಸಿಕೊಂಡು ಬರುವ ಕಾಲ ಬಂತು. ಮರಿ ಮಾಡುವ ಕಾಲದಲ್ಲಿ ಅದರ ರೋಷ ಇಮ್ಮಡಿಯಾಗುತ್ತದೆ. ಹುಲ್ಲು ಮೇಯುವ ಪಕ್ಷಿಯಾದ್ದರಿಂದ ತಿಂದುದು ಬೇಗ ಬೇಗ ಹೊರಬಂದು ಗಂಟೆಗೆ ಹಲವು ಬಾರಿ ಅಂಗಳ ಬಳಿಯಬೇಕಾಗುತ್ತದೆ. ಅಂಗಳದಲ್ಲಿ ರಂಗೋಲಿಗೆ ಜಾಗ ಉಳಿಯುವುದಿಲ್ಲ.

ಸಾಕಿ ತೀರಬೇಕೆನ್ನುವವರಿಗೆ ಕಾಲು ಎಕರೆಯಾದರೂ ಹುಲ್ಲಿನ ನೆಲ, ತಲೆ ಮುಳುಗಿಸುವಷ್ಟು ಆಳದ ನೀರಿನ ತೊಟ್ಟಿ, ರಾತ್ರಿ ನಾಯಿ ನುಗ್ಗದಂತೆ ಮುಚ್ಚುವ ದೊಡ್ಡಿ ಇರಬೇಕು. ಅದು ಮೈಮೇಲೆ ಬಂದಾಗ ಬೆನ್ನು ತಿರುಗಿಸಿ ಓಡಬಾರದು, ಕೈಗಳನ್ನು ಅಗಲಿಸಿ ನಿಂತಲ್ಲೇ ದೊಡ್ಡದಾಗಿ ಕಾಣಬೇಕು. ನಮ್ಮ ಅತ್ತೆಯವರಿಗೆ ಮಾತ್ರ ಕೈ ಅಗಲಿಸುವ ಅಗತ್ಯವಿರಲಿಲ್ಲ. ಅವರು ಪೊರಕೆ ಹಿಡಿದು ಹೊಸಲಿಗೆ ಬಂದರೆ ಹೆಬ್ಬಾತೇ ಹಿತ್ತಲಿಗೆ ನಡೆಯುತ್ತಿತ್ತು.

ಆರನೆಯ ಹೆಜ್ಜೆ: ಕಾನೂನನ್ನು ಓದಿಕೊಳ್ಳಿ

ಅಜ್ಜಿಯ ಮನೆಯ ಪಂಜರದಲ್ಲಿ ‘ರಾಮ ರಾಮ’ ಎನ್ನುತ್ತಿದ್ದ ಗಿಳಿಯನ್ನು ನೆನೆದು ಈಗ ಒಂದನ್ನು ತರುವ ಯೋಚನೆಯಿದ್ದರೆ ಬಿಟ್ಟುಬಿಡಿ. ನಮ್ಮ ನಾಡಿನ ಕಾಡುಗಿಳಿ, ಮುನಿಯಾ ಹಕ್ಕಿ, ನಕ್ಷತ್ರ ಆಮೆ ಮೊದಲಾದವನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯಂತೂ ಕಾಯ್ದೆಯ 2022ರ ತಿದ್ದುಪಡಿಯಿಂದ ಹುಲಿ ಆನೆಗಳ ಸಾಲಿನ ಮೊದಲ ಪಟ್ಟಿಗೆ ಸೇರಿದೆ. ವಾಸ್ತುವಿಗೆಂದು ಅದನ್ನು ತಂದರೆ ಮನೆಗೆ ಬರುವುದು ಲಕ್ಷ್ಮಿಯಲ್ಲ, ಅರಣ್ಯ ಇಲಾಖೆಯ ಜೀಪು. ಮಕಾವ್, ಆಫ್ರಿಕದ ಬೂದು ಗಿಳಿ, ಇಗ್ವಾನ ಎಂಬ ದೊಡ್ಡ ಹಲ್ಲಿ ಮುಂತಾದ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ಮಾರುವವರ ಬಳಿ ಅದರ ಕಾಗದಪತ್ರ ಇಲ್ಲದಿದ್ದರೆ ಬೆಲೆ ಕೇಳುವ ಗೋಜಿಗೂ ಹೋಗಬೇಡಿ.

ಏಳನೆಯ ಹೆಜ್ಜೆ: ಈಗಾಗಲೇ ತಂದಾಗಿದ್ದರೆ

ಬಹುಮಂದಿ ಓದುಗರು ಈ ಲೇಖನಕ್ಕೆ ಬರುವುದು ತಂದ ಮೇಲೆಯೇ ಎಂಬುದನ್ನು ನಾನು ಬಲ್ಲೆ. ಅವರು ಮಾಡಬಾರದ ಕೆಲಸ ಒಂದೇ: ರಾತ್ರಿ ಚೀಲ ಹಿಡಿದು ಹತ್ತಿರದ ಕೆರೆಗೆ ಹೋಗುವುದು. ಕೆಂಪುಕಿವಿಯ ಆಮೆ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕೆರೆಗೆ ಬಿದ್ದರೆ ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಬಂಡೆಯನ್ನೂ ಕಿತ್ತುಕೊಳ್ಳುತ್ತದೆ. ಸಕ್ಕರ್ ಮೀನು ಕೆರೆಹೊಳೆಗಳಲ್ಲಿ ಬೆಳೆದು ತನ್ನ ಮುಳ್ಳಿನಿಂದ ಬೆಸ್ತರ ಬಲೆಗಳನ್ನು ಹರಿಯುತ್ತದೆ. ಬಿಳಿಯ ಮೊಲವನ್ನು ‘ಕಾಡಿಗೆ’ ಬಿಟ್ಟರೆ ಅದು ಬೀದಿನಾಯಿಗೆ ಬಿಟ್ಟಂತೆಯೇ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಮೊದಲ ತಪ್ಪಿಗೆ ಕಾಯ್ದೆ ವಿಧಿಸುವ ದಂಡ ಹತ್ತರಿಂದ ಐವತ್ತು ರೂಪಾಯಿ, ಎಂದರೆ ಇಂದು ಒಂದು ಮಸಾಲೆದೋಸೆಗೂ ಸಾಲದ ಮೊತ್ತ. ಆದುದರಿಂದ ದಂಡಕ್ಕೆ ಹೆದರಿ ಅಲ್ಲ, ಕೆರೆಗೆ ಹೆದರಿ ಸುಮ್ಮನಿರಬೇಕು.

ಸರಿಯಾದ ದಾರಿ ನಿಧಾನವಾದುದು. ಮೊದಲು ಪಶುವೈದ್ಯರಿಗೆ ತಿಳಿಸಿ, ಅವರಲ್ಲಿ ಅದೇ ಪ್ರಾಣಿಯನ್ನು ಸಾಕಿದವರ ಪರಿಚಯವಿರುತ್ತದೆ. ಕೊಡುವ ಮುನ್ನ ಒಂದು ಹಾಳೆಯಲ್ಲಿ ಅದರ ವಯಸ್ಸು, ಆಯುಸ್ಸು, ಗಂಡೋ ಹೆಣ್ಣೋ, ತಿನ್ನುವುದೇನು, ಎಷ್ಟು ಹೊತ್ತಿಗೆ, ಯಾವ ಸದ್ದಿಗೆ ಹೆದರುತ್ತದೆ, ಯಾರನ್ನು ಕಚ್ಚಿದೆ ಎಂಬುದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆಯಿರಿ. ಮೊಲವನ್ನು ಕೊಡುವಾಗ ಒಂದು ವಾರಕ್ಕಾಗುವಷ್ಟು ಹಳೆಯ ಆಹಾರವನ್ನೂ ಜೊತೆಗೆ ಕೊಡಬೇಕು, ತಿಂಡಿಯನ್ನು ಒಮ್ಮೆಲೇ ಬದಲಿಸಿದರೆ ಅದರ ಹೊಟ್ಟೆ ಕೆಡುತ್ತದೆ. ಗಂಡುಹೆಣ್ಣನ್ನು ಒಂದೇ ಮನೆಗೆ ಕೊಡಬಾರದು. ನಮ್ಮ ಹದಿಮೂರು ಮೊಲಗಳನ್ನು ಒಂಬತ್ತು ಮನೆಗಳಿಗೆ ಹಂಚಲು ಐದು ತಿಂಗಳು ಬೇಕಾಯಿತು, ಅಷ್ಟು ಮನೆಗಳನ್ನು ಮಗಳಿಗೆ ವರ ನೋಡುವಾಗಲೂ ನಾವು ಹತ್ತಿಲ್ಲ. ತೆಗೆದುಕೊಂಡವರ ಮನೆಗೆ ತಿಂಗಳೊಳಗೆ ಒಮ್ಮೆ ಹೋಗಿ ನೋಡಿ ಬನ್ನಿ. ಯಾರೂ ಸಿಗದಿದ್ದರೆ ಅದನ್ನು ಇಟ್ಟುಕೊಂಡೇ ಮನೆಯನ್ನು ಬದಲಿಸಿಕೊಳ್ಳಬೇಕು. ನಮ್ಮ ಆಮೆಯನ್ನು ಈವರೆಗೂ ಯಾರೂ ಒಪ್ಪಿಕೊಂಡಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಜಾಗವನ್ನು ಸಿಮೆಂಟಿನ ತೊಟ್ಟಿ ಮಾಡಿಸಿ, ಮೇಲೆ ಜಾಲರಿ ಹೊದಿಸಿ ಅದಕ್ಕೆ ಬಿಟ್ಟುಕೊಟ್ಟಿದ್ದೇವೆ, ಬಟ್ಟೆಯನ್ನು ಮಾಳಿಗೆಯ ಮೇಲೆ ಒಗೆಯುತ್ತೇವೆ.

ಹೆಬ್ಬಾತನ್ನು ಮಾತ್ರ ತಿ. ನರಸೀಪುರದ ಕಡೆಯ ತೋಟದವರೊಬ್ಬರು ಸಂತೋಷದಿಂದ ಒಯ್ದರು. ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಟ್ಟಿದ್ದೆ, ಅವರು ಓದದೆ ಜೇಬಿಗೆ ಇಟ್ಟುಕೊಂಡಿರಬೇಕು. ಹದಿನೈದು ದಿನಗಳ ಮೇಲೆ ನಸುಕಿನಲ್ಲಿ ಅವರ ಕರೆ ಬಂತು. ಹಿನ್ನೆಲೆಯಲ್ಲಿ ಪರಿಚಿತ ಧ್ವನಿಯೊಂದು ಕೇಳಿಸುತ್ತಿತ್ತು. ‘ಸಾರ್, ಇದು ಎಷ್ಟು ವರ್ಷಕ್ಕೆ ಸುಮ್ಮನಾಗುತ್ತದೆ?’ ಎಂದು ಕೇಳಿದರು. ಹಾಳೆಯ ಎರಡನೆಯ ಸಾಲನ್ನು ನೋಡುವಂತೆ ನಾನು ಹೇಳಿದೆ.